ಮೇಸ್ತ್ರಿಗಿಂತ ಮೊದಲು ವಕೀಲರು

ಮನೆಗೆ ಪಾಯದ ಕಲ್ಲು ಹಾಕುವ ದಿನ ಉಸ್ತಾದರು ಬರಬೇಕು, ಒಂದು ದುಆ ಮಾಡಬೇಕು. ಇದು ನಮ್ಮಲ್ಲಿ ಹಿರಿಯರ ಕಾಲದಿಂದ ನಡೆದು ಬಂದದ್ದು. ಮನೆ ಒಕ್ಕಲಿಗೂ ಹಾಗೆಯೇ. ನಾವು ಹೋಗುತ್ತೇವೆ, ಕೈ ಎತ್ತುತ್ತೇವೆ, ಮನೆಯವರ ಕಣ್ಣಲ್ಲಿ ನೀರು ನೋಡುತ್ತೇವೆ, ತುಪ್ಪದನ್ನ ತಿಂದು ಬರುತ್ತೇವೆ. ಇಷ್ಟು ವರ್ಷಗಳಲ್ಲಿ ಎಷ್ಟು ಪಾಯಗಳ ಮುಂದೆ ನಿಂತಿದ್ದೇವೆ ಎಂದು ಲೆಕ್ಕ ಇಟ್ಟಿಲ್ಲ. ಆದರೆ ಒಂದು ಸಲವಾದರೂ, “ಈ ಜಾಗದ ಕಾಗದ ಸರಿ ಉಂಟಾ? ಕಟ್ಟಲಿಕ್ಕೆ ಪರವಾನಿಗೆ ಆಗಿದೆಯಾ?” ಎಂದು ಕೇಳಿದ ನೆನಪು ನಮಗಿಲ್ಲ. ಕೇಳಬೇಕಿತ್ತು. ಈ ಲೇಖನ ಬರೆಯಲು ಕೂತದ್ದು ಆ ತಪ್ಪಿನ ನೆನಪಿನಿಂದ.

ಒಂದು ಕುಟುಂಬದ ವಿಷಯ ಹೇಳುತ್ತೇವೆ. ಊರು ಕರಾವಳಿ ಕಡೆ, ವ್ಯಾಪಾರಕ್ಕೆಂದು ದಾವಣಗೆರೆಗೆ ಬಂದು ಅಲ್ಲಿಯೇ ನೆಲೆ ನಿಂತವರು. ಮಗ ಗಲ್ಫ್‌ನಲ್ಲಿ. ಅವನು ಕಳಿಸಿದ ಹಣದಲ್ಲಿ ನಗರದ ಅಂಚಿನಲ್ಲಿ ಮೂವತ್ತು ನಲವತ್ತರ ಒಂದು ಸೈಟ್ ತೆಗೆದುಕೊಂಡರು. ಕೆಳಗೊಂದು ಮನೆ, ಬಾಡಿಗೆಗೆಂದು ಮೇಲೊಂದು ಮನೆ ಕಟ್ಟಿದರು. ಪಾಯ ಹಾಕುವಾಗ ದುಆ ಮಾಡಿದವರಲ್ಲಿ ನಾವೂ ಇದ್ದೆವು. ಮೇಲಿನ ಮನೆಗೆ ಸುಣ್ಣ ಹಚ್ಚುವ ಹೊತ್ತಿಗೆ ಬಾಗಿಲಿಗೆ ಒಂದು ನೋಟಿಸ್ ಅಂಟಿಸಿ ಹೋದರು. ಅನುಮತಿ ಇಲ್ಲದ ಕಟ್ಟಡ, ಮುಂದಿನ ಮೆಟ್ಟಿಲು ಮತ್ತು ನೀರಿನ ಸಂಪು ರಸ್ತೆಯ ಜಾಗಕ್ಕೆ ಬಂದಿದೆ, ಏಕೆ ತೆರವು ಮಾಡಬಾರದು ಎಂಬುದಕ್ಕೆ ಕಾರಣ ಕೊಡಿ ಎಂದಿತ್ತು.

ಆ ನೋಟಿಸ್ ಹತ್ತು ದಿನ ಫ್ರಿಜ್‌ನ ಮೇಲೆ ಬಿದ್ದಿತ್ತು. ಸೈಟ್ ಕೊಡಿಸಿದ ಬ್ರೋಕರ್, “ಒಳಗೆ ನಮ್ಮ ಜನ ಇದ್ದಾರೆ, ನಾನು ಸೆಟ್ಲ್ ಮಾಡ್ತೇನೆ” ಅಂತ ಹೇಳಿ ಒಂದಿಷ್ಟು ಹಣ ತೆಗೆದುಕೊಂಡು ಹೋದ. ಮತ್ತೆ ಫೋನ್ ಎತ್ತಲಿಲ್ಲ. ಹನ್ನೊಂದನೆಯ ದಿನ ಆ ಹುಡುಗನ ಉಮ್ಮ, ಸೊಸೆಯನ್ನು ಕರೆದುಕೊಂಡು ಮದ್ರಸಕ್ಕೆ ಬಂದರು. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರ್‌ನಲ್ಲಿ ನೋಟಿಸ್ ಇತ್ತು. “ಉಸ್ತಾದ್, ನಾವು ಕಂದಾಯ ಕಟ್ತಾ ಇದ್ದೇವಲ್ಲಾ, ರಸೀದಿ ಉಂಟಲ್ಲಾ, ಮತ್ತೆ ಯಾಕೆ ಒಡೀತಾರೆ?” ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಯಾರೋ ಹೇಳಿದರು, ದೇವರಾಜ ಅರಸು ಬಡಾವಣೆಯಲ್ಲಿ ಒಬ್ಬರು ವಕೀಲರಿದ್ದಾರೆ, ಕಟ್ಟಡ ಮತ್ತು ಪಾಲಿಕೆಯ ಕೇಸ್‌ಗಳನ್ನೇ ನೋಡುತ್ತಾರೆ ಎಂದು. ಹೋದೆವು. ಹಣೆಗೆ ವಿಭೂತಿ ಹಚ್ಚಿದ ಹಿರಿಯರು. ಮನೆಯ ಮುಂದಿನ ಕೋಣೆಯೇ ಆಫೀಸು. ಕೂತವರನ್ನು ಬಿಟ್ಟು ಮೊದಲು ನೋಟಿಸಿನ ತಾರೀಕು ನೋಡಿದರು. ಆಮೇಲೆ ಒಂದೊಂದಾಗಿ ಕೇಳಿದರು. ಮೂಲಪತ್ರ ಎಲ್ಲಿ? ಭೂ ಪರಿವರ್ತನೆ ಆದೇಶ? ಲೇಔಟ್ ನಕ್ಷೆ? ಖಾತಾ ಯಾವ ನಮೂನೆ? ಕಟ್ಟಡ ಪರವಾನಿಗೆ? ಗುತ್ತಿಗೆದಾರನ ಜೊತೆ ಕರಾರು? ಆರು ಪ್ರಶ್ನೆಗೆ ಆ ಉಮ್ಮನ ಬಳಿ ಇದ್ದದ್ದು ಕ್ರಯಪತ್ರದ ಒಂದು ಜೆರಾಕ್ಸ್ ಮತ್ತು ಕಂದಾಯದ ರಸೀದಿ ಮಾತ್ರ. ವಕೀಲರು ಬೈಯಲಿಲ್ಲ. “ಕಟ್ಟಾಕಿಂತ ಮೊದ್ಲು ಬಂದಿದ್ರೆ ಇದು ಅರ್ಧ ಗಂಟಿ ಕೆಲಸ ಇತ್ತು ನೋಡ್ರಿ. ಈಗ ಎಷ್ಟು ವರ್ಷ ಹಿಡಿತತೋ ಹೇಳಾಕ್ ಬರಲ್ಲ” ಎಂದರು.

ಅದೇ ವಾರ ಅವರು ನೋಟಿಸಿಗೆ ಲಿಖಿತ ಉತ್ತರ ಕೊಟ್ಟರು, ವಿಚಾರಣೆ ಕೇಳಿದರು. ರಸ್ತೆಗೆ ಬಂದಿದ್ದ ಮೆಟ್ಟಿಲನ್ನು “ಇದು ನಿಮ್ಮದಲ್ಲ, ನೀವೇ ತೆಗೀರಿ” ಎಂದು ಹೇಳಿ ತೆಗೆಸಿದರು. ಸಂಪನ್ನು ಮುಚ್ಚಿಸಿದರು. ಉಳಿದ ಕಟ್ಟಡದ ವಿಷಯ ಇನ್ನೂ ನಡೆಯುತ್ತಿದೆ. ಮನೆ ನಿಂತಿದೆ, ಆದರೆ ಮೇಲಿನ ಮನೆಗೆ ಬಾಡಿಗೆದಾರರು ಬಂದಿಲ್ಲ, ಗಲ್ಫ್‌ನ ಮಗ ಎರಡು ವರ್ಷ ಹೆಚ್ಚು ದುಡಿಯಬೇಕಾಗಿದೆ.

ನಮ್ಮಲ್ಲೇ ಯಾಕೆ ಹೆಚ್ಚು?

ಕಾಗದ ಇಲ್ಲದೆ ಕಟ್ಟುವುದು ನಮ್ಮ ಸಮುದಾಯದ ರೋಗ ಮಾತ್ರ ಅಲ್ಲ. ಎಲ್ಲರಲ್ಲೂ ಇದೆ. ಆದರೆ ನಮ್ಮಲ್ಲಿ ಒಂದು ಕಾರಣ ಹೆಚ್ಚಿಗೆ ಇದೆ ಎಂದು ನಮಗೆ ತೋರುತ್ತದೆ. ಅದನ್ನು ಯಾರೂ ಹೇಳುವುದಿಲ್ಲ.

ಬ್ಯಾಂಕಿನಿಂದ ಗೃಹಸಾಲ ತೆಗೆದುಕೊಳ್ಳುವವರ ಕಾಗದಗಳನ್ನು ಬ್ಯಾಂಕಿನ ವಕೀಲರು ನೋಡುತ್ತಾರೆ. ಹಿಂದಿನ ಮಾಲಕರು ಯಾರು, ಅಡವು ಉಂಟಾ, ಪರಿವರ್ತನೆ ಆಗಿದೆಯಾ, ನಕ್ಷೆ ಮಂಜೂರಾಗಿದೆಯಾ ಎಂದು ಬರೆದುಕೊಟ್ಟ ಮೇಲೆಯೇ ಸಾಲ. ಸಾಲ ಸಿಗಲಿಲ್ಲ ಎಂದರೆ ಜಾಗದಲ್ಲಿ ಏನೋ ತೊಂದರೆ ಇದೆ ಎಂದು ಕೊಳ್ಳುವವನಿಗೆ ಗೊತ್ತಾಗುತ್ತದೆ. ನಮ್ಮವರಲ್ಲಿ ಬಡ್ಡಿಗೆ ಹೆದರುವವರು ಸಾಲಕ್ಕೆ ಹೋಗುವುದಿಲ್ಲ. ಅಲ್ ಹಮ್ದು ಲಿಲ್ಲಾಹ್, ಅದು ಒಳ್ಳೆಯದೇ. ಗಲ್ಫ್‌ನ ದುಡ್ಡು, ಚಿನ್ನ ಮಾರಿದ ದುಡ್ಡು, ಅಣ್ಣ ತಮ್ಮಂದಿರಿಂದ ಕೈಗಡ ತಂದ ದುಡ್ಡು ಹೊಂದಿಸಿ ಒಂದೇ ಸಲ ಕೊಡುತ್ತೇವೆ. ಆದರೆ ಬಡ್ಡಿಯಿಂದ ತಪ್ಪಿಸಿಕೊಳ್ಳುವಾಗ ಆ ಪರಿಶೀಲನೆಯಿಂದಲೂ ತಪ್ಪಿಸಿಕೊಳ್ಳುತ್ತೇವೆ. ಬ್ಯಾಂಕ್ ಬೇಡ ಎಂದವನು ಬ್ಯಾಂಕಿನ ವಕೀಲರು ಮಾಡುವ ಕೆಲಸವನ್ನು ತಾನೇ ಒಬ್ಬ ವಕೀಲರಿಂದ ಮಾಡಿಸಬೇಕು. ಅದನ್ನು ನಾವು ಮಾಡುತ್ತಿಲ್ಲ. ಬೇರೆಯವರು ಬಿಟ್ಟುಹೋದ ತಕರಾರಿನ ಜಾಗಗಳು ನಗದು ಕೊಡುವ ನಮ್ಮ ಕೈಗೆ ಬಂದು ಬೀಳುತ್ತಿರುವುದು ಇದೇ ಕಾರಣಕ್ಕೆ.

ಎರಡನೆಯದು, ವಕೀಲರೆಂದರೆ ಜಗಳ ಆದ ಮೇಲೆ ಹೋಗುವವರು ಎಂಬ ಭಾವನೆ. ಡಾಕ್ಟರ ಬಳಿ ರೋಗ ಬಂದ ಮೇಲೆ ಹೋಗುತ್ತೇವೆ, ಸರಿ. ಆದರೆ ಇಂತಹ ವಕೀಲರ ಅರ್ಧಕ್ಕಿಂತ ಹೆಚ್ಚು ಕೆಲಸ ಕೋರ್ಟಿನ ಹೊರಗೆ. ಫೈಲು ಓದುವುದು, ಕರಾರು ಬರೆಯುವುದು, ಅರ್ಜಿ ಯಾವ ಕಚೇರಿಗೆ ಎಂದು ಹೇಳುವುದು, ನೋಟಿಸಿಗೆ ದಿನ ಮೀರದ ಹಾಗೆ ಉತ್ತರ ಕೊಡುವುದು. ‘ವಕೀಲ’ ಎಂಬ ಪದವೇ ಅರಬಿಯದು. ನಮ್ಮ ಫಿಕ್‌ಹ್ ಕಿತಾಬುಗಳಲ್ಲಿ ‘ವಕಾಲತ್’ಗೆ ಒಂದು ಅಧ್ಯಾಯವೇ ಇದೆ. ತನ್ನಿಂದ ಆಗದ ವ್ಯವಹಾರವನ್ನು ಬಲ್ಲವರಿಗೆ ವಹಿಸಿಕೊಡುವುದು ಅಂತ ಅರ್ಥ. ನಿಕಾಹ್‌ನಲ್ಲಿ ವಕೀಲರನ್ನು ಇಡುವುದು ನಮಗೆ ಗೊತ್ತು, ನಿವೇಶನ ಕೊಳ್ಳುವಾಗ ಗೊತ್ತಿಲ್ಲ.

ಒಂದೇ ರಸ್ತೆ, ಮೂರು ಕಾನೂನು

ದಾವಣಗೆರೆಯನ್ನೇ ನೋಡಿ. ನಗರ 2007ರಿಂದ ಮಹಾನಗರ ಪಾಲಿಕೆ. ಅಲ್ಲಿ ಕಟ್ಟಡಕ್ಕೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಹದಿನಾಲ್ಕು ಹದಿನೈದು ಕಿಲೋಮೀಟರ್ ಆಚೆ ಹರಿಹರ ನಗರಸಭೆ. ಅಲ್ಲಿ 1964ರ ಪೌರಸಭೆಗಳ ಕಾಯ್ದೆ. ನಡುವಿನ ಹಳ್ಳಿಗಳಲ್ಲಿ ಗ್ರಾಮ ಪಂಚಾಯತ್. ಅಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ. ಇವೆಲ್ಲದರ ಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ ಪ್ರಕಾರ ಬಡಾವಣೆಯ ನಕ್ಷೆ ನೋಡುವುದು ದಾವಣಗೆರೆ ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ದೂಡಾ. ಜಮೀನು ಕೃಷಿಯದಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಪರಿವರ್ತನೆ ಆಗಬೇಕು, ಅದು ಕಂದಾಯ ಇಲಾಖೆಯದು. ಒಂದು ಸೈಟಿಗೆ ಇಷ್ಟು ಬಾಗಿಲು. ಮಂಗಳೂರು, ಉಳ್ಳಾಲ, ಬಂಟ್ವಾಳ, ಪುತ್ತೂರು ಕಡೆ ಇರುವವರಿಗೂ ಕಥೆ ಇದೇ, ಕಚೇರಿಯ ಹೆಸರು ಮಾತ್ರ ಬೇರೆ. ದಕ್ಷಿಣ ಕನ್ನಡದಲ್ಲಿ ‘ನೈನ್ ಇಲೆವನ್’ ಎಂದರೆ ಅಮೆರಿಕದ ಘಟನೆ ನೆನಪಾಗುವುದಿಲ್ಲ, ಪಂಚಾಯತಿನ ನಮೂನೆ 9 ಮತ್ತು 11 ನೆನಪಾಗುತ್ತದೆ. ಅಷ್ಟು ಅಲೆದಿದ್ದೇವೆ.

ಇದರಲ್ಲಿ ಯಾವ ಕಾಗದ ಯಾವುದಕ್ಕೆ ಎಂದು ಗೊತ್ತಿಲ್ಲದೆ ನಮ್ಮ ಜನ ಮೋಸ ಹೋಗುವುದು ಹೆಚ್ಚಾಗಿ ನಾಲ್ಕು ಕಡೆ.

ಒಂದು, ಕಂದಾಯದ ರಸೀದಿ. ತೆರಿಗೆ ಕಟ್ಟಿದರೆ ಕಟ್ಟಡ ಸಕ್ರಮ ಆಗುವುದಿಲ್ಲ. ಖಾತಾ ಎಂದರೂ ತೆರಿಗೆಗೆ ಹೆಸರು ಬರೆದುಕೊಂಡ ದಾಖಲೆ, ಅದು ಮಾಲಕತ್ವದ ಪತ್ರ ಅಲ್ಲ. 2025ರಲ್ಲಿ ಸರ್ಕಾರ ನಗರಗಳ ಅನಧಿಕೃತ ಸ್ವತ್ತುಗಳಿಗೆ ಬಿ ಖಾತಾ ಕೊಡಲು ಮುಂದಾದಾಗ ನಮ್ಮವರು ಬಹಳ ಮಂದಿ, “ಇನ್ನು ಎಲ್ಲಾ ಸರಿ ಆಯಿತು” ಎಂದುಕೊಂಡರು. ಬಿ ಖಾತಾ ಸಿಕ್ಕಿದರೆ ದಾಖಲೆಗೆ ಒಂದು ನೆಲೆ ಸಿಕ್ಕಿತು, ಅಷ್ಟೇ. ಅದರಿಂದ ನಕ್ಷೆ ಮಂಜೂರಾದ ಹಾಗೆ ಆಗುವುದಿಲ್ಲ. ಹಿಂದೆ ಅಕ್ರಮ ಸಕ್ರಮದ ಮಾತು ಬಂದಾಗಲೂ ಹೀಗೆಯೇ ಆಸೆಪಟ್ಟೆವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮುಂದೆ ಸಕ್ರಮ ಆಗುತ್ತದೆ ಎಂಬ ನಂಬಿಕೆಯಲ್ಲಿ ಇವತ್ತು ಗೋಡೆ ಕಟ್ಟಬಾರದು.

ಎರಡು, ಜಿ.ಪಿ.ಎ. ಮತ್ತು ಛಾಪಾ ಕಾಗದದ ಕರಾರು. ನೋಟರಿ ಸೀಲು ನೋಡಿ ನಾವು ನಂಬಿಬಿಡುತ್ತೇವೆ. ಜನರಲ್ ಪವರ್ ಆಫ್ ಅಟಾರ್ನಿಯಿಂದ ಸ್ಥಿರಾಸ್ತಿಯ ಹಕ್ಕು ವರ್ಗಾವಣೆ ಆಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟ ಮಾಡಿದೆ.

ಮೂರು, ಇನ್ನೊಬ್ಬರ ಹಕ್ಕು ಇರುವ ಜಾಗ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ವ್ಯವಹಾರವೇ ಅಸಿಂಧು. ಜನ ಇದನ್ನು ಪಿ.ಟಿ.ಸಿ.ಎಲ್. ಎನ್ನುತ್ತಾರೆ. ಕೈ ಬದಲಾಗಿ ನಾಲ್ಕನೆಯವನಾಗಿ ಕೊಂಡವನಿಗೂ ಇದು ತಪ್ಪುವುದಿಲ್ಲ. ಇನ್ನೊಂದು ನಮ್ಮ ಮನೆಯೊಳಗಿನದು. ಮಾರುವವನ ಸಹೋದರಿಯರ ಸಹಿ ಇದೆಯಾ ಎಂದು ನಾವು ನೋಡುವುದಿಲ್ಲ. ಪಾಲು ಕೊಡದ ಸಹೋದರಿಯ ಜಾಗದ ಮೇಲೆ ಕಟ್ಟಿದ ಮನೆಯಲ್ಲಿ ಬರಕತ್ ಕೇಳುವುದು ಹೇಗೆ? ಅನ್ಯಾಯವಾಗಿ ಒಂದು ಗೇಣು ನೆಲ ತೆಗೆದುಕೊಂಡವನ ಕುತ್ತಿಗೆಗೆ ನಾಳೆ ಏಳು ಭೂಮಿಗಳ ಭಾರ ಬೀಳುವುದೆಂಬ ಹದೀಸ್ ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಇದೆ. ಮಕ್ಕಳಿಗೆ ಕಲಿಸುತ್ತೇವೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತಾಗ ಮರೆಯುತ್ತೇವೆ.

ನಾಲ್ಕು, ಬಾಯಿಮಾತಿನ ಗುತ್ತಿಗೆ. “ಚದರ ಅಡಿಗೆ ಇಷ್ಟು” ಎಂದು ಒಂದು ಮಾತಾಗುತ್ತದೆ. ಯಾವ ಸಿಮೆಂಟು, ಎಷ್ಟು ಕಬ್ಬಿಣ, ಯಾವ ಹಂತಕ್ಕೆ ಎಷ್ಟು ಹಣ, ಎಷ್ಟು ತಿಂಗಳು, ತಡವಾದರೆ ಏನು, ಯಾವುದೂ ಬರೆಯುವುದಿಲ್ಲ. ಆಮೇಲೆ ಲಿಂಟಲ್ ಮಟ್ಟಕ್ಕೆ ಬಂದು ಕೆಲಸ ನಿಲ್ಲುತ್ತದೆ, ಜಗಳ ಮಸೀದಿ ಕಮಿಟಿಗೆ ಬರುತ್ತದೆ. ಇಬ್ಬರೂ ಕುರ್‌ಆನ್ ಮುಟ್ಟಲು ತಯಾರು, ಇಬ್ಬರ ಕೈಯಲ್ಲೂ ಒಂದು ಚೀಟಿ ಇಲ್ಲ. ಕುರ್‌ಆನ್‌ನ ಅತಿ ದೀರ್ಘವಾದ ಆಯತ್ ಯಾವುದೆಂದು ಮದ್ರಸದ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ, ಸೂರತುಲ್ ಬಕರದ 282. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿ ಇಡುವುದು, ಸಣ್ಣದು ದೊಡ್ಡದು ಎಂದು ಬೇಸರ ಮಾಡದಿರುವುದು. ಇಷ್ಟು ಉದ್ದದ ಆಯತನ್ನು ಅಲ್ಲಾಹನು ಬರೆಯುವ ವಿಷಯಕ್ಕೆ ಇಟ್ಟಿದ್ದಾನೆ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸ್ ಇದೆ. ಎಷ್ಟು ಕೂಲಿ ಎಂದು ಬರೆದಿದ್ದರೆ ತಾನೇ ಕೊಡುವುದು?

ಫ್ಲ್ಯಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆ ಇದೆ. ಐನೂರು ಚದರ ಮೀಟರ್‌ಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿ ಆಗಿರಬೇಕು. ನೋಂದಾಯಿತ ಕರಾರು ಮಾಡದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದವರೆಗೆ ಅವನೇ ಸರಿಪಡಿಸಿಕೊಡಬೇಕು. ನಮ್ಮಲ್ಲಿ ಬಿಲ್ಡರ್‌ಗಳೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ಎರಡೂ ಕಡೆಯವರು ಇದನ್ನು ತಿಳಿದಿರಲಿ.

ಅರಸು ಅವರ ಹೆಸರು ನಮಗೆ ಕಲಿಸುವುದು

ಆ ವಕೀಲರ ಮನೆಯಿಂದ ಹೊರಬಂದಾಗ ಬಡಾವಣೆಯ ಹೆಸರಿನ ಫಲಕ ನೋಡಿ ಒಂದು ಯೋಚನೆ ಬಂತು. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ತಂದ ಭೂ ಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಕರಾವಳಿಯ ಬ್ಯಾರಿ ಮನೆಗಳಲ್ಲಿ ಇವತ್ತಿಗೂ ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಎಂಬ ಮಾತು ಇದೆ. ಗೇಣಿಗೆ ಉಳುತ್ತಿದ್ದ ನಮ್ಮ ಅಜ್ಜಂದಿರು ಏಳನೇ ನಮೂನೆಯ ಅರ್ಜಿ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಒಡೆಯರಾದರು. ಅರ್ಜಿಗೆ 1979ರ ಜೂನ್ 30 ಕೊನೆಯ ದಿನ. ಕೊಟ್ಟವನಿಗೆ ಭೂಮಿ ಸಿಕ್ಕಿತು. “ಧಣಿಗಳು ಒಳ್ಳೆಯವರು, ಬಾಯಿಮಾತು ಸಾಕು” ಎಂದು ಕೂತವನ ಮಕ್ಕಳು ಇವತ್ತಿಗೂ ಐದು ಸೆಂಟ್ಸ್‌ಗೆ ಪಂಚಾಯತ್ ಅಲೆಯುತ್ತಿದ್ದಾರೆ. ಇಬ್ಬರೂ ಉಳುತ್ತಿದ್ದವರೇ. ವ್ಯತ್ಯಾಸ ಒಂದು ಕಾಗದ, ಒಂದು ತಾರೀಕು.

ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ಆ ಭೂ ನ್ಯಾಯಮಂಡಳಿಗಳಲ್ಲಿ ವಕೀಲರು ಹಾಜರಾಗಬಾರದು ಎಂದು ಕಾಯ್ದೆಯಲ್ಲೇ ಇತ್ತು. ಧಣಿಗಳು ದೊಡ್ಡ ವಕೀಲರನ್ನು ಇಟ್ಟು ಬಡ ಗೇಣಿದಾರನನ್ನು ಸೋಲಿಸಬಾರದು ಎಂಬುದು ಅದರ ಹಿಂದಿನ ಯೋಚನೆ. ಆ ನಿಷೇಧ ನಡೆಯುವುದಿಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗಿನ ಕಾಲಕ್ಕೆ ಒಂದು ನಮೂನೆ ತುಂಬಿದರೆ ಸಾಕಿತ್ತು. ಈಗ ಒಂದು ಸೈಟಿಗೆ ಐದು ಕಾಯ್ದೆ. ವಕೀಲರಿಲ್ಲದೆ ಬಡವನಿಗೆ ಅನುಕೂಲ ಎಂಬ ಕಾಲ ಹೋಯಿತು. ಈಗ ವಕೀಲರಿಲ್ಲದವನೇ ಬಡವ.

ರಸ್ತೆಯೂ ಒಬ್ಬರ ಹಕ್ಕು

ಇಲ್ಲಿ ಒಂದು ತಕರಾರು ಬರುತ್ತದೆ. “ಉಸ್ತಾದ್, ಕಾಗದ ಇದ್ದರೂ ಬುಲ್ಡೋಜರ್ ಬರುವ ಕಾಲ ಇದು. ನಮ್ಮ ಮನೆ ಅಂತ ಗೊತ್ತಾದರೆ ಸಾಕು.” ಉತ್ತರದ ರಾಜ್ಯಗಳ ಸುದ್ದಿ ನೋಡಿದವರ ಹೆದರಿಕೆ ಸುಳ್ಳು ಅಂತ ನಾವು ಹೇಳುವುದಿಲ್ಲ. ಆದರೆ ಆ ಹೆದರಿಕೆಗೆ ಉತ್ತರ ಕೂಡ ಕಾನೂನಿನಲ್ಲೇ ಸಿಕ್ಕಿದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿತು. ನೋಟಿಸ್ ಕೊಡದೆ ಒಡೆಯಬಾರದು. ನೋಟಿಸ್ ನೋಂದಾಯಿತ ಅಂಚೆಯಲ್ಲಿ ಬರಬೇಕು, ಕಟ್ಟಡಕ್ಕೂ ಅಂಟಿಸಬೇಕು. ಉತ್ತರಕ್ಕೆ ಕನಿಷ್ಠ 15 ದಿನ, ಖುದ್ದು ವಿಚಾರಣೆ, ಕಾರಣ ಬರೆದ ಆದೇಶ, ಆದೇಶದ ನಂತರ ಮತ್ತೆ 15 ದಿನ. ಆರೋಪಿ ಎಂಬ ಕಾರಣಕ್ಕೆ ಮನೆ ಒಡೆಯುವುದು ಸಂವಿಧಾನ ಬಾಹಿರ ಎಂದೂ ಹೇಳಿತು.

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಈ ರಕ್ಷಣೆ ಸಿಗುವುದು ಉತ್ತರ ಕೊಟ್ಟವನಿಗೆ, ನೋಟಿಸನ್ನು ಫ್ರಿಜ್‌ನ ಮೇಲೆ ಇಟ್ಟವನಿಗಲ್ಲ. ಹದಿನೈದು ದಿನ ಎಂದರೆ ಎರಡು ಜುಮುಅ ಮುಗಿದು ಮೂರನೆಯದು ಬರುವಷ್ಟರಲ್ಲಿ ಮುಗಿಯಿತು. ಪಾಲಿಕೆಯ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ದಾರಿ ಇದೆ, ಅದಕ್ಕೂ ದಿನಗಳ ಲೆಕ್ಕ ಇದೆ. ಎರಡನೆಯದು, ರಸ್ತೆ, ಫುಟ್‌ಪಾತ್, ರೈಲ್ವೆ ಹಳಿಯ ಬದಿ, ನದಿ, ಕೆರೆಯ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಅನ್ವಯಿಸುವುದಿಲ್ಲ.

ಅದು ಸರಿಯೂ ಹೌದು. ನಮ್ಮ ಶಾಫಿಈ ಮದ್‌ಹಬಿನ ದೊಡ್ಡ ಇಮಾಮರು, ಕ್ರಿ.ಶ. 1058ರಲ್ಲಿ ತೀರಿಕೊಂಡ ಇಮಾಮ್ ಮಾವರ್ದಿ, ಆಡಳಿತದ ಬಗ್ಗೆ ಬರೆದ ಕಿತಾಬಿನಲ್ಲಿ ‘ಮುಹ್ತಸಿಬ್’ ಎಂಬ ಅಧಿಕಾರಿಯ ಕೆಲಸಗಳನ್ನು ಹೇಳುತ್ತಾರೆ. ಈಗಿನ ಪಾಲಿಕೆಯ ಅಧಿಕಾರಿಯಂತೆಯೇ ಅವನು. ಸಾರ್ವಜನಿಕ ದಾರಿಯಲ್ಲಿ ಕಟ್ಟಿದ್ದನ್ನು ಅವನು ತಡೆಯಬೇಕು, ದಾರಿ ಅಗಲ ಇದ್ದರೂ ಬಿಡಬಾರದು, ಕಟ್ಟಿದ್ದು ಮಸೀದಿಯೇ ಆದರೂ ತೆಗೆಸಬೇಕು, ಏಕೆಂದರೆ ದಾರಿ ಇರುವುದು ನಡೆಯಲಿಕ್ಕೆ ಎಂದು ಅವರು ಬರೆದಿದ್ದಾರೆ. ಹತ್ತು ಶತಮಾನದ ಹಿಂದಿನ ಮಾತು. ದಾರಿಯಲ್ಲಿರುವ ಮುಳ್ಳನ್ನು ತೆಗೆಯುವುದು ಈಮಾನಿನ ಭಾಗ ಎಂದು ಕಲಿಸುವ ನಾವು ದಾರಿಗೆ ಮೂರು ಅಡಿ ಮೆಟ್ಟಿಲು ಇಳಿಸಿದರೆ ಏನು ಹೇಳಬೇಕು?

ಅಧಿಕಾರದವರಿಗೂ ನಮ್ಮ ಇತಿಹಾಸದಲ್ಲಿ ಪಾಠ ಇದೆ. ಮದೀನಾದ ಮಸೀದಿ ವಿಸ್ತರಿಸಲು ಖಲೀಫಾ ಹಝ್ರತ್ ಉಮರ್ (ರ) ಪಕ್ಕದಲ್ಲಿದ್ದ ಹಝ್ರತ್ ಅಬ್ಬಾಸ್ (ರ) ಅವರ ಮನೆ ಕೇಳಿದರು. ಅವರು ಕೊಡಲಿಲ್ಲ. ಖಲೀಫಾ ಬಲ ಉಪಯೋಗಿಸಲಿಲ್ಲ. ಇಬ್ಬರೂ ಒಪ್ಪಿ ಉಬಯ್ಯ್ ಬಿನ್ ಕಅಬ್ (ರ) ಅವರ ಮುಂದೆ ತೀರ್ಪಿಗೆ ಹೋದರು. ತೀರ್ಪು ಖಲೀಫಾರ ವಿರುದ್ಧ ಬಂತು, ಒಪ್ಪಿಕೊಂಡರು. ಆಮೇಲೆ ಅಬ್ಬಾಸ್ (ರ) ಅವರೇ ಮನೆಯನ್ನು ಮಸೀದಿಗೆ ಬಿಟ್ಟುಕೊಟ್ಟರು ಎಂದು ಹಳೆಯ ಚರಿತ್ರೆಯ ಗ್ರಂಥಗಳಲ್ಲಿ ವರದಿ ಇದೆ. ಮಸೀದಿಗಾಗಿ ಕೂಡ ಒಬ್ಬನ ಮನೆಯನ್ನು ವಿಚಾರಣೆ ಇಲ್ಲದೆ ತೆಗೆದುಕೊಳ್ಳುವಂತಿರಲಿಲ್ಲ.

ನಮ್ಮ ಜಮಾಅತ್‌ಗಳು ಏನು ಮಾಡಬಹುದು

ಮೊದಲು ನಮ್ಮದೇ ಕಟ್ಟಡಗಳಿಂದ ಶುರುವಾಗಲಿ. ಮಸೀದಿ, ಮದ್ರಸಗಳಿಗೆ ಎರಡನೇ ಮಹಡಿ ಏರಿಸುವಾಗ ನಾವು ವಂತಿಗೆ ರಸೀದಿ ಪುಸ್ತಕ ಮೊದಲು ಅಚ್ಚು ಹಾಕಿಸುತ್ತೇವೆ. ಪರವಾನಿಗೆ ಆಮೇಲೆ ನೋಡೋಣ ಎನ್ನುತ್ತೇವೆ. ಇನ್ನು ಮೇಲೆ ಜಾಗದ ದಾಖಲೆ, ವಕ್ಫ್ ನೋಂದಣಿ, ಮಂಜೂರಾದ ನಕ್ಷೆ ಮೂರನ್ನೂ ಮಹಾಸಭೆಯ ಮುಂದಿಟ್ಟ ಮೇಲೆಯೇ ವಂತಿಗೆ ಎತ್ತಬೇಕು. ಜನ ಕೊಡುವುದು ಸದಕ. ಅದನ್ನು ನೋಟಿಸ್ ಬರುವ ಗೋಡೆಗೆ ಸುರಿಯಲು ಕಮಿಟಿಗೆ ಹಕ್ಕಿಲ್ಲ.

ಎರಡನೆಯದು, ಪ್ರತಿ ಜಮಾಅತ್ ಎರಡು ತಿಂಗಳಿಗೊಮ್ಮೆ ಒಂದು ಭಾನುವಾರ ಈ ವಿಷಯ ಬಲ್ಲ ವಕೀಲರೊಬ್ಬರನ್ನು ಕರೆಸಲಿ. ಅವರು ನಮ್ಮ ಸಮುದಾಯದವರೇ ಆಗಬೇಕೆಂದಿಲ್ಲ. ಜನ ತಮ್ಮ ತಮ್ಮ ಕಾಗದ ತಂದು ತೋರಿಸಲಿ. ವಕೀಲರು ಜಾಹೀರಾತು ಹಾಕುವಂತಿಲ್ಲ, ಅದು ಅವರ ನಿಯಮ. ಹಾಗಾಗಿ ಬೋರ್ಡು ನೋಡಿ ಗೊತ್ತಾಗುವುದಿಲ್ಲ. ತಾಲೂಕಿನ ವಕೀಲರ ಸಂಘದಲ್ಲಿ ‘ಪಾಲಿಕೆ, ಕಟ್ಟಡದ ವಿಷಯ ಯಾರು ನೋಡುತ್ತಾರೆ’ ಎಂದು ಕೇಳಬೇಕು. ಕ್ರಿಮಿನಲ್ ಕೇಸಿನಲ್ಲಿ ಹೆಸರು ಮಾಡಿದವರೆಲ್ಲ ಖಾತಾ ಬಲ್ಲವರಲ್ಲ.

ಫೀಸಿನ ಮಾತು ಬರುತ್ತದೆ. ಮನೆ ಒಕ್ಕಲಿನ ಪೆಂಡಾಲ್, ಲೈಟಿಂಗಿಗೆ ಖರ್ಚು ಮಾಡುವುದರ ಒಂದು ಪಾಲು ಸಾಕು. ಅದೂ ಇಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕಿನಲ್ಲಿ ಸಮಿತಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ಗಂಡ ಗಲ್ಫ್‌ನಲ್ಲಿದ್ದು ಮನೆ ಹೆಂಡತಿಯ ಹೆಸರಲ್ಲಿ ಇರುವ ನಮ್ಮ ಎಷ್ಟೋ ಮನೆಗಳಿಗೆ ಇದು ಗೊತ್ತಿರಬೇಕಾದ ಸಂಖ್ಯೆ.

ಗಲ್ಫ್‌ನಲ್ಲಿರುವ ಸಹೋದರರಿಗೆ ಒಂದು ಮಾತು. ಊರಿನಿಂದ ಸೈಟಿನ ವಿಡಿಯೋ ಬಂದಾಗ ತೆಂಗಿನ ಮರ, ರಸ್ತೆ ನೋಡಿ ಖುಷಿಯಾಗಿ ಹಣ ಕಳಿಸಬೇಡಿ. ಮೊದಲು ಕಾಗದದ ಫೋಟೋ ತರಿಸಿ, ಅದನ್ನು ವಕೀಲರಿಗೆ ಕಳಿಸಿ, ಅವರು ಬರೆದುಕೊಟ್ಟ ಅಭಿಪ್ರಾಯ ಬಂದ ಮೇಲೆ ಅಡ್ವಾನ್ಸ್. “ಅಷ್ಟರಲ್ಲಿ ಬೇರೆಯವರು ತೆಗೊಂಡು ಹೋಗ್ತಾರೆ” ಎಂದು ಬ್ರೋಕರ್ ಅವಸರ ಮಾಡಿದರೆ, ಹೋಗಲಿ ಬಿಡಿ. ಕಟ್ಟಿದ ಮೇಲೆ ಕರೆಂಟಿಗೂ ತೊಂದರೆ ಇದೆ ಎಂಬುದು ನೆನಪಿರಲಿ. ಪೂರ್ಣಗೊಂಡ ಅಥವಾ ಸ್ವಾಧೀನ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದ ಮೇಲೆ ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳು ಮೀಟರ್ ಇಲ್ಲದೆ ಕಾದವು. ಚಿಕ್ಕ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿಯ ದಾರಿ ಹುಡುಕಿತು. ನಮ್ಮ ಮನೆ ಅದರಲ್ಲಿ ಬರುತ್ತದಾ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಕೊನೆಯದಾಗಿ ನಮ್ಮ ಮಕ್ಕಳು. ಪಿ.ಯು.ಸಿ. ಮುಗಿಸಿ ಐದು ವರ್ಷದ ಕಾನೂನು ಪದವಿಗೆ ಹೋಗುವ ಹುಡುಗ ಹುಡುಗಿಯರು ನಮ್ಮಲ್ಲಿ ಈಗ ಕಾಣುತ್ತಿದ್ದಾರೆ, ಸಂತೋಷ. ಅವರಲ್ಲಿ ಕೆಲವರಾದರೂ ಈ ಒಣ ವಿಷಯವನ್ನು, ಪಹಣಿ, ನಕ್ಷೆ, ಪಾಲಿಕೆ ಕಾಯ್ದೆಗಳನ್ನು ಹಿಡಿಯಲಿ. ಟಿ.ವಿ.ಯಲ್ಲಿ ಹೆಸರು ಬರುವುದಿಲ್ಲ. ಆದರೆ ಒಬ್ಬ ಉಮ್ಮ ರಾತ್ರಿ ನಿದ್ದೆ ಮಾಡುತ್ತಾರೆ.

ಒಂಟೆಯನ್ನು ಕಟ್ಟಿ ಹಾಕಿ, ಆಮೇಲೆ ತವಕ್ಕುಲ್ ಮಾಡು ಎಂದು ಪ್ರವಾದಿಯವರು (ಸ) ಒಬ್ಬ ಗ್ರಾಮೀಣನಿಗೆ ಹೇಳಿದ ಪ್ರಸಂಗ ನಾವೆಲ್ಲ ಪ್ರಸಂಗಗಳಲ್ಲಿ ಹೇಳುವವರೇ. ಮನೆಯ ವಿಷಯದಲ್ಲಿ ಕಟ್ಟಿ ಹಾಕುವ ಹಗ್ಗ ಎಂದರೆ ಕಾಗದ. ಇನ್ನು ಮೇಲೆ ಪಾಯದ ದುಆಗೆ ಕರೆದರೆ ಖಂಡಿತ ಬರುತ್ತೇವೆ. ಆದರೆ ಕೈ ಎತ್ತುವ ಮೊದಲು ಒಂದು ಮಾತು ಕೇಳುತ್ತೇವೆ, ಬೇಸರ ಮಾಡಬೇಡಿ: “ವಕೀಲರಿಗೆ ತೋರಿಸಿದ್ದೀರಾ?” ನಿಮ್ಮ ಊರಿನ ಉಸ್ತಾದರೂ ಹೀಗೆಯೇ ಕೇಳಲಿ ಎಂಬುದು ನಮ್ಮ ಆಸೆ.

ಯಾರ ಹಕ್ಕೂ ಸೇರದ ನೆಲದ ಮೇಲೆ, ಯಾರಿಗೂ ಹೆದರಬೇಕಾಗಿಲ್ಲದ ಒಂದು ಸೂರು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.